ಮನೆ ನಲವತ್ತೊಂದರ ಮಧ್ಯಾಹ್ನ ಮೂರು ಗಂಟೆ

ಜನವರಿ 8

ಮಾನ್ಯರೇ,

ಕಳೆದ ಮಾರ್ಚಿನಲ್ಲಿ ನಿಮ್ಮ ಮನೆಯ ಮೀಟರಿನ ಪಕ್ಕ ಕೂರಿಸಿದ ಬೂದು ಪೆಟ್ಟಿಗೆಯ ಸಂಬಂಧ ಈ ಪತ್ರ.

ಒಂದು ಮನೆ ಎಳೆಯುವ ಕರೆಂಟಿನ ಏರಿಳಿತವನ್ನಷ್ಟೇ ನೋಡಿ ಹೊರಗಿನವರು ಆ ಮನೆಯವರ ದಿನಚರಿಯನ್ನು ಎಷ್ಟು ಊಹಿಸಬಲ್ಲರು ಎಂಬುದನ್ನು ಮೊದಲ ಹಂತದಲ್ಲಿ ಪರೀಕ್ಷಿಸಿದೆವು. ಸಾಕಷ್ಟು ಊಹಿಸಬಲ್ಲರು ಎಂದು ಗೊತ್ತಾಗಿದೆ. ಈಗ ಎರಡನೇ ಹಂತದಲ್ಲಿ, ಆ ಏರಿಳಿತವನ್ನು ಹೊರಗಿನವರಿಗೆ ಕಾಣದಂತೆ ಮರೆಮಾಡುವ ಸಾಧನವೊಂದನ್ನು ಜೋಡಿಸುತ್ತೇವೆ. ವಿಭಾಗದಲ್ಲಿ ಅದನ್ನು ಪರದೆ ಎನ್ನುತ್ತೇವೆ. ಒಳಗಿನ ಪೆಟ್ಟಿಗೆ ಎಂದಿನಂತೆ ಏರಿಳಿತದ ನಿಜವಾದ ಗೆರೆಯನ್ನು ದಾಖಲಿಸುತ್ತಿರುತ್ತದೆ.

ಹೆಸರೂ ಮನೆಯ ಸಂಖ್ಯೆಯೂ ಒಂದೇ ಕಂಪ್ಯೂಟರಿನಲ್ಲಿ ಸೇರಬಾರದು ಎಂಬ ಕಾರಣಕ್ಕೆ ನಮ್ಮ ವ್ಯವಹಾರವೆಲ್ಲ ಅಂಚೆಯಲ್ಲೇ. ದಯವಿಟ್ಟು ಯಾರ ಹೆಸರನ್ನೂ ಬರೆಯಬೇಡಿ. ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಒಂದು: ಮನೆಯಲ್ಲಿ ವಾಸಿಸುವವರು ಇಬ್ಬರು ಎಂದು ದಾಖಲಾಗಿದೆ, ಬದಲಾವಣೆ ಇದೆಯೇ? ಇದ್ದರೆ ಪೆಟ್ಟಿಗೆ ತೆಗೆಯಬೇಕಾಗುತ್ತದೆ, ಮನೆ ಬಿಟ್ಟವರ ಅಥವಾ ತೀರಿಕೊಂಡವರ ಪಾಲಿನ ದಾಖಲೆಯನ್ನು ಆರು ತಿಂಗಳೊಳಗೆ ಅಳಿಸಬೇಕಾಗುತ್ತದೆ. ಎರಡು: ಅಕ್ಟೋಬರ್‌ನಿಂದ ಈಚೆಗೆ ಯಾವುದಾದರೂ ಯಂತ್ರವನ್ನು ರಿಪೇರಿ ಮಾಡಿಸಿದ್ದೀರಾ?

ನಿಮ್ಮಿಬ್ಬರಿಗೂ ನಮಸ್ಕಾರಗಳು.

ಸಂಶೋಧಕಿ, ಪೆಟ್ಟಿಗೆ ಅಧ್ಯಯನ

&nbsp;

ಜನವರಿ 15

ಡಿಯರ್ ಸಂಶೋಧಕಿಯವರೇ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಆಫ್ ದಿ ಏಯ್ತ್ ಇನ್‌ಸ್ಟಂಟ್. ಎರಡು ವರ್ಷ ಕಾಲೇಜಿಗೆ ಹೋಗಿದ್ದಕ್ಕೆ ಇಂಥ ನಾಲ್ಕಾರು ಸಾಲು ನನ್ನ ಬಳಿ ಉಳಿದಿವೆ. ಸಿಕ್ಕಲ್ಲಿ ಬಳಸಿ ಖಾಲಿ ಮಾಡಬೇಕೆಂದಿದ್ದೇನೆ, ತಪ್ಪು ತಿಳಿಯಬೇಡಿ.

ನೀವು ಹೆಣ್ಣುಮಗಳು ಎಂದು ಈಗ ಗೊತ್ತಾಯಿತು. ಇಷ್ಟು ದಿನ, ಪೆಟ್ಟಿಗೆ ಕೂರಿಸಲು ಬಂದಿದ್ದ ಗಡ್ಡ ಬಿಟ್ಟ ಆ ತಂತ್ರಜ್ಞನೇ ಎಲ್ಲವೂ ಎಂದುಕೊಂಡಿದ್ದೆ. ಇನ್ನು ಮೇಲೆ ನಿಮ್ಮನ್ನು ಪೆಟ್ಟಿಗೆಯಮ್ಮ ಎಂದು ಕರೆಯುತ್ತೇನೆ. ಹೆಸರು ಬರೆಯಬಾರದೆಂದು ನೀವೇ ಹೇಳಿದ್ದು. ನನ್ನ ಹೆಸರೂ ಬೇಡ. ಮನೆಯಲ್ಲಿ ನನಗೆ ರೇಡಿಯೋ ಎಂದೇ ಹೆಸರು. ಕಿವಿ ಹಿಂಡದೆ ನಿಲ್ಲುವುದಿಲ್ಲ ಎಂದು ನಮ್ಮವಳು ಇಟ್ಟದ್ದು.

ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವನು ನಾನು. ಹತ್ತು ಮಹಡಿಯ ಕಟ್ಟಡದಲ್ಲಿ ಕೆಳಗೆ ನಿಂತು ಮೋಟಾರಿನ ಸದ್ದು ಕೇಳಿಯೇ ಲಿಫ್ಟು ಖಾಲಿ ಬರುತ್ತಿದೆಯೋ ಜನ ತುಂಬಿಕೊಂಡು ಬರುತ್ತಿದೆಯೋ ಹೇಳುತ್ತಿದ್ದೆ. ನೀವು ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮಾಡುವುದನ್ನು ನಾನು ಎರಡು ಕಿವಿಯಲ್ಲಿ ಮಾಡಿದ್ದೇನೆ ಎಂದು ನಿಮ್ಮ ತಂತ್ರಜ್ಞನಿಗೆ ಹೇಳಿದೆ. ಅವನು ನಗಲಿಲ್ಲ. ನಮ್ಮವಳು ಅಡುಗೆಮನೆಯಿಂದ, "ಪಾಪ, ಅವರಿಗೆ ಕೆಲಸ ಮಾಡಕ್ಕೆ ಬಿಡಿ ರೀ," ಎಂದಳು.

ದಾಖಲೆಯನ್ನು ಯಾರಿಗೆ ತೋರಿಸಬಹುದು ಎಂಬ ನಮೂನೆ ತುಂಬಿದ ದಿನ ನೆನಪಿದೆ. ಇಬ್ಬರಿಗೂ ಬೇರೆ ಬೇರೆ ಕಾಗದ ಕೊಟ್ಟಿದ್ದಿರಿ. ನಾನು ಎಲ್ಲ ಚೌಕಕ್ಕೂ ‘ತೋರಿಸಬಹುದು’ ಎಂದು ಗುರುತು ಹಾಕಿ ಎರಡು ನಿಮಿಷದಲ್ಲಿ ಮುಗಿಸಿದೆ. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದಳು. ನಾನು ಇಣುಕಿದರೆ ಅಂಗೈ ಅಡ್ಡ ಇಟ್ಟಳು. "ನಿಮ್ಮ ಪೇಪರ್ ನೀವು ನೋಡ್ಕೊಳ್ಳಿ. ಪರೀಕ್ಷೆ ಹಾಲಲ್ಲಿ ಕಾಪಿ ಹೊಡೆಯೋರ ಥರ ಇಣುಕಬೇಡಿ."

ಉತ್ತರಗಳು. ಒಂದು: ಇಬ್ಬರು. ಬದಲಾವಣೆ ಇಲ್ಲ. ಎರಡು: ಹೊಲಿಗೆ ಯಂತ್ರದ ಮೋಟಾರಿಗೆ ನಾನೇ ಎಣ್ಣೆ ಬಿಟ್ಟಿದ್ದೇನೆ, ಸದ್ದು ನಯವಾಗಿದೆ. ನಮ್ಮವಳು ಬಟ್ಟೆ ಸರಿಮಾಡಿ ಕೊಡುತ್ತಾಳೆ, ಉದ್ದ ಮಾಡುವುದು, ಗಿಡ್ಡ ಮಾಡುವುದು. ಮಧ್ಯಾಹ್ನ ಎರಡೂವರೆಗೆ ನಾನು ಲೈಬ್ರರಿಗೆ ಹೋಗುತ್ತೇನೆ, ಮೂರಕ್ಕೆ ಅವಳು ಯಂತ್ರದ ಮುಂದೆ ಕೂರುತ್ತಾಳೆ. ಈಗ ನನ್ನದೇ ಕಂದು ಪ್ಯಾಂಟು ಕೈಯಲ್ಲಿದೆ. "ನೀವು ವರ್ಷ ವರ್ಷ ಗಿಡ್ಡ ಆಗ್ತಿದ್ದೀರಿ, ಬಟ್ಟೆ ಏನ್ಮಾಡತ್ತೆ?" ಎನ್ನುತ್ತಾಳೆ.

ಪರದೆ ಧಾರಾಳವಾಗಿ ಜೋಡಿಸಿ. ಪೆಟ್ಟಿಗೆ ಮಾತ್ರ ಇರಲಿ.

ಯುವರ್ಸ್ ಒಬೀಡಿಯೆಂಟ್ಲಿ,
ಮನೆ 41

&nbsp;

ಫೆಬ್ರವರಿ 3

ಮಾನ್ಯರೇ,

ಉತ್ತರ ಕೈಸೇರಿತು. ಇಬ್ಬರು ಎಂದೂ ಮೋಟಾರಿಗೆ ಎಣ್ಣೆ ಬಿಡಲಾಗಿದೆ ಎಂದೂ ದಾಖಲಿಸಿದ್ದೇನೆ. ಪರದೆ ಜೋಡಿಸಿದ ಮೇಲೆ, ಹೊರಗಿನಿಂದ ಊಹಿಸುವ ನಮ್ಮ ಪ್ರೋಗ್ರಾಮ್‌ಗೆ ನಿಮ್ಮ ಮನೆಯಲ್ಲಿ ಯಾವ ಯಂತ್ರ ಯಾವಾಗ ಓಡುತ್ತದೆ ಎಂಬುದು ತಿಳಿಯುತ್ತಿಲ್ಲ. ಜನರೆಷ್ಟು ಎಂದು ಕೇಳಿದರೆ ಮೊದಲಿನಂತೆ ‘ಇಬ್ಬರು’ ಎನ್ನುತ್ತದೆ. ಅಧ್ಯಯನದ ಅರವತ್ತು ಮನೆಗಳಲ್ಲಿ ಇದು ಅತ್ಯುತ್ತಮ ಫಲಿತಾಂಶ.

ನಿಮಗೆ ನಮಸ್ಕಾರಗಳು.

ಸಂಶೋಧಕಿ

&nbsp;

ಫೆಬ್ರವರಿ 11

ಪೆಟ್ಟಿಗೆಯಮ್ಮನವರಿಗೆ,

ಅತ್ಯುತ್ತಮ ಎಂಬ ಮಾತನ್ನು ಯಾರಾದರೂ ನನಗೆ ಬರೆದು ಎಷ್ಟೋ ಕಾಲವಾಗಿತ್ತು. ಪತ್ರವನ್ನು ಮಡಚಿ ಮೀಟರಿನ ಹಲಗೆಗೇ ಸಿಕ್ಕಿಸಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ಗೀಸರಿನ ಕೆಂಪು ದೀಪ ಕೆಟ್ಟಿದೆ, ನೀರೇನೋ ಕಾಯುತ್ತದೆ. ಮೇಲಿನ ಮನೆಗೆ ಹೊಸದಾಗಿ ಒಬ್ಬ ನರ್ಸಮ್ಮ ಬಂದಿದ್ದಾಳೆ, ಪಾಳಿ ಮುಗಿಸಿ ಮಧ್ಯಾಹ್ನ ಮಲಗುವವಳು. ಹೊಲಿಗೆ ಯಂತ್ರದ ಸದ್ದಿಗೆ ನಿದ್ದೆ ಕೆಡುತ್ತದಂತೆ. ಕಿವಿಗೆ ಹತ್ತಿ ಇಟ್ಟುಕೋ ಎಂದೆ.

ಇನ್ನೊಂದು ವಿಷಯ. ಲೈಬ್ರರಿಯಲ್ಲಿ ನನಗೊಬ್ಬ ಗೆಳೆಯ. ಅವನ ಮನೆಯಲ್ಲೂ ಇಂಥ ಯಾವುದೋ ಅಧ್ಯಯನದ ಪೆಟ್ಟಿಗೆ ಇದೆಯಂತೆ. ಅವನ ಹೆಂಡತಿ ಈಚೆಗೆ ತೀರಿಕೊಂಡಳು. ಆಕೆ ಇದ್ದಾಗಿನ ಗೆರೆಗಳು, ಅಂದರೆ ದಾಖಲೆ, ಗಂಡನಿಗೆ ಕೊಡುತ್ತಾರೆಯೇ ಎಂದು ಕೇಳುತ್ತಿದ್ದ. ಫೋಟೋ ಇಲ್ಲವೇ ಎಂದೆ. ಫೋಟೋದಲ್ಲಿ ಕ್ಯಾಮೆರಾಕ್ಕೆ ಮುಖ ಕೊಟ್ಟು ಕೂತಿರುತ್ತಾರೆ, ಇದರಲ್ಲಿ ಹಾಗಲ್ಲ, ಅವಳಷ್ಟಕ್ಕೆ ಅವಳು ಕೆಲಸ ಮಾಡಿಕೊಂಡದ್ದು ಇರುತ್ತದೆ ಎಂದ. ಅವನ ಮಾತು ನನಗೆ ನಾಟ್ ಓನ್ಲಿ ಸರಿ ಎನಿಸಿತು... ‘ಬಟ್ ಆಲ್ಸೋ’ ಬರಲೇಬೇಕೆಂದು ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು. ಅದು ಎಲ್ಲಿ ಹೋಯಿತೋ. ನಿಯಮ ಏನೆಂದು ತಿಳಿಸಿದರೆ ಗೆಳೆಯನಿಗೆ ಹೇಳುತ್ತೇನೆ.

ಮನೆ 41

&nbsp;

ಫೆಬ್ರವರಿ 24

ಮಾನ್ಯರೇ,

ತೀರಿಕೊಂಡವರ ಸಂಗಾತಿ ಆರು ತಿಂಗಳೊಳಗೆ ಅರ್ಜಿ ಹಾಕಬಹುದು. ತೀರಿಕೊಂಡ ದಿನಾಂಕವನ್ನು ಬರೆಯಬೇಕು. ಹೋದವರು ತಮ್ಮ ನಮೂನೆಯಲ್ಲಿ ಏನೆಂದು ಗುರುತು ಹಾಕಿದ್ದರು ಎಂಬುದನ್ನೂ ಅಧ್ಯಯನದ ಸಮಿತಿ ನೋಡುತ್ತದೆ. ಆರು ತಿಂಗಳು ಮುಗಿದರೆ ದಾಖಲೆ ತಾನಾಗಿ ಅಳಿಯುತ್ತದೆ. ಆಮೇಲೆ ಯಾರಿಂದಲೂ ಹಿಂದಕ್ಕೆ ತರಲಾಗುವುದಿಲ್ಲ.

ನಿಮ್ಮ ಗೆಳೆಯರು ತಡಮಾಡದಿರುವುದು ಒಳ್ಳೆಯದು.

ಸಂಶೋಧಕಿ

&nbsp;

ಮಾರ್ಚ್ 2

ಪೆಟ್ಟಿಗೆಯಮ್ಮನವರಿಗೆ,

ಐ ಬೆಗ್ ಟು ಸ್ಟೇಟ್ ದಟ್ ಗೆಳೆಯ ಯಾರೂ ಇಲ್ಲ. ನಿಮಗೆ ಅದು ಗೊತ್ತಿದೆ ಎಂದು ನಿಮ್ಮ ಕೊನೆಯ ಸಾಲು ಓದಿದಾಗ ಅನ್ನಿಸಿತು. ಜನವರಿಯಲ್ಲಿ ‘ನಿಮ್ಮಿಬ್ಬರಿಗೂ ನಮಸ್ಕಾರ’ ಎಂದು ಬರೆದವರು ಫೆಬ್ರವರಿಯಲ್ಲಿ ‘ನಿಮಗೆ’ ಎಂದು ಬರೆದಾಗಲೇ ಅನ್ನಿಸಿತ್ತು. ಮೀಟರಿನ ಪಕ್ಕ ನಿಂತು ಆ ಸಾಲನ್ನು ಆಗಾಗ ಓದುತ್ತಿದ್ದೆ.

ನಮ್ಮವಳು ಅಕ್ಟೋಬರ್ 19ರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೋದಳು. ಮೂರು ದಿನ ಜ್ವರ, ಆಮೇಲೆ ಶ್ವಾಸಕೋಶಕ್ಕೆ ಇಳಿಯಿತು. ವಾರ್ಡಿನ ಲಿಫ್ಟು ಹಳೆಯದು, ಬಾಗಿಲು ಎರಡು ಸಲ ಬಡಿದುಕೊಂಡು ಮುಚ್ಚುತ್ತಿತ್ತು. ಅದನ್ನು ಸರಿಮಾಡಿಸಿ ಎಂದು ಯಾರಿಗೋ ಹೇಳುತ್ತ ನಿಂತಿದ್ದೆ. ಆ ಹೊತ್ತಿನಲ್ಲೇ ಹೋದಳು.

ಮನೆಗೆ ಬಂದ ಮೂರನೆಯ ದಿನ ನಿಮ್ಮ ತಂತ್ರಜ್ಞ ಹೇಳಿದ್ದು ನೆನಪಾಯಿತು: ಮನೆಯಲ್ಲಿ ಒಬ್ಬರು ಕಡಿಮೆಯಾದರೆ ಪೆಟ್ಟಿಗೆ ತೆಗೆಯುತ್ತೇವೆ, ಅವರ ದಾಖಲೆ ಅಳಿಸುತ್ತೇವೆ. ಏಳು ತಿಂಗಳ ಅವಳ ಕೆಲಸ ಆ ಪೆಟ್ಟಿಗೆಯೊಳಗಿದೆ. ಹಾಗಾಗಿ ಒಬ್ಬರು ಕಡಿಮೆಯಾಗದ ಹಾಗೆ ನೋಡಿಕೊಂಡೆ. ಬೆಳಿಗ್ಗೆ ಗೀಸರನ್ನು ಎರಡು ಸಲ ಹಾಕುತ್ತೇನೆ. ಅವಳ ಕೋಣೆಯ ದೀಪವನ್ನು ಒಂಬತ್ತಕ್ಕೆ ಆರಿಸುತ್ತೇನೆ, ನನ್ನದನ್ನು ಹತ್ತೂವರೆಗೆ. ಲೈಬ್ರರಿಗೆ ಹೋಗುವುದನ್ನು ಬಿಟ್ಟೆ. ಮೂರಕ್ಕೆ ಸರಿಯಾಗಿ ಹೊಲಿಗೆ ಯಂತ್ರ ಓಡಿಸುತ್ತೇನೆ, ನಾಲ್ಕರವರೆಗೆ.

ಯಂತ್ರದಲ್ಲಿ ನನ್ನ ಕಂದು ಪ್ಯಾಂಟು ಇದೆ. ಬಲಗಾಲು ಮುಗಿದಿದೆ. ಎಡಗಾಲಿನ ಅಂಚು ಅರ್ಧಕ್ಕೆ ನಿಂತಿದೆ, ಸೂಜಿ ಬಟ್ಟೆಯೊಳಗೇ ಇದೆ. ಅದನ್ನು ನಾನು ಅಲುಗಾಡಿಸಿಲ್ಲ. ಯಂತ್ರದ ಬಲಗಡೆ ಚಕ್ರದ ನಡುವೆ ಒಂದು ತಿರುಪು ಇರುತ್ತದೆ. ಅದನ್ನು ಸಡಿಲಿಸಿದರೆ ಮೋಟಾರು ತಿರುಗುತ್ತದೆ, ಸೂಜಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಹಾಗೆ ಓಡಿಸುತ್ತೇನೆ.

ಮೊನ್ನೆ ನರ್ಸಮ್ಮ ಇಳಿದು ಬಂದು, "ಅಂಕಲ್, ದಿನಾ ಏನ್ ಹೊಲೀತೀರಾ?" ಎಂದಳು.

"ಏನೂ ಇಲ್ಲಮ್ಮಾ."

"ಮತ್ತೆ ಒಂದು ಗಂಟೆ ಸದ್ದು ಬರತ್ತಲ್ಲ?"

"ಸದ್ದು ಹೊಲೀತಿದ್ದೀನಿ," ಎಂದೆ. ನಕ್ಕು ಹೋದಳು. ಆಮೇಲೆ ನನಗೇ ಒಂಥರಾ ಆಯಿತು.

ಅರ್ಜಿ ಇದೇ ಎಂದು ತಿಳಿಯಿರಿ. ನನಗೆ ಎಲ್ಲವೂ ಬೇಡ. ಮಧ್ಯಾಹ್ನದ್ದು ಸಾಕು. ಬೆಳಿಗ್ಗೆ, ಸಂಜೆ ನಾನು ಮನೆಯಲ್ಲಿರುತ್ತಿದ್ದೆ, ಅದು ನನಗೆ ಗೊತ್ತು. ಎರಡೂವರೆಯಿಂದ ನಾಲ್ಕೂವರೆಯ ಅವಳು ಮಾತ್ರ ನನಗೆ ಗೊತ್ತಿಲ್ಲ. ನಾನು ನೋಡದ ಅವಳು ಇನ್ನೂ ಅಷ್ಟು ಉಳಿದಿದ್ದಾಳೆ ಎಂದುಕೊಂಡರೆ ಬೆಳಿಗ್ಗೆ ಏಳಲು ಒಂದು ನೆಪ.

ಮನೆ 41, ಒಬ್ಬನೇ

&nbsp;

ಮಾರ್ಚ್ 13

ಮಾನ್ಯರೇ,

ನಿಮ್ಮ ಮನೆಯವರ ವಿಷಯ ತಿಳಿದು ದುಃಖವಾಯಿತು.

ನಾನೂ ಒಂದು ಮಾತು ಹೇಳಬೇಕು. ಜನವರಿಯ ಪತ್ರದ ಎರಡನೇ ಪ್ರಶ್ನೆಯನ್ನು ಅರವತ್ತು ಮನೆಗಳಲ್ಲಿ ನಿಮ್ಮೊಬ್ಬರಿಗೇ ಬರೆದದ್ದು. ಬಟ್ಟೆ ಹೊಲಿಯುವ ಮೋಟಾರು ನಿಲ್ಲುತ್ತದೆ, ಹೊರಡುತ್ತದೆ, ದಪ್ಪ ಮಡಿಕೆ ಬಂದರೆ ಹೆಚ್ಚು ಎಳೆಯುತ್ತದೆ. ಅಕ್ಟೋಬರ್ 22ರಿಂದ ನಿಮ್ಮ ಮನೆಯ ಮೂರು ಗಂಟೆಯ ಗೆರೆ ಹಲಗೆಯಂತೆ ಸಮವಾಗಿತ್ತು. ಮಧ್ಯದಲ್ಲಿ ಒಂದು ಸಲವೂ ನಿಂತಿರಲಿಲ್ಲ. ಹೊರಗಿನ ಪ್ರೋಗ್ರಾಮ್‌ಗೆ ತಿಳಿಯದಿದ್ದದ್ದು ಒಳಗಿನ ದಾಖಲೆ ನೋಡಿದ ನನಗೆ ತಿಳಿಯಿತು. ಊಹಿಸಿದ್ದನ್ನು ಮನೆಯವರ ಬಾಯಿಂದ ಹೇಳಿಸುವಂತಿಲ್ಲ ಎಂಬುದು ನಮ್ಮ ನಿಯಮ. ಹಾಗಾಗಿ ಯಂತ್ರದ ಬಗ್ಗೆ ಕೇಳಿದೆ. ನೀವು ಎಣ್ಣೆ ಎಂದಿರಿ. ನಾನು ಎಣ್ಣೆ ಎಂದು ಬರೆದುಕೊಂಡೆ.

ಮನೆ 41ನ್ನು ಪ್ರಬಂಧದಿಂದ ತೆಗೆದಿದ್ದೇನೆ. "ಅನುಮಾನ ಬಂದ ಮೇಲೂ ಎರಡು ತಿಂಗಳು ಬಾಯಿ ಮುಚ್ಕೊಂಡು ಕೂತಿದ್ಯಲ್ಲ, ಯಾಕಮ್ಮಾ?" ಎಂದು ಮಾರ್ಗದರ್ಶಕರು ಕೇಳಿದರು. ಮುಖ್ಯ ಅಧ್ಯಾಯವನ್ನು ಮತ್ತೆ ಬರೆಯಬೇಕಿದೆ.

ನಿಮ್ಮ ಅರ್ಜಿಯ ವಿಷಯ. ನಮೂನೆಯ ಐದನೇ ಚೌಕ ಹೀಗಿದೆ: ‘ನಾನು ಮಾತ್ರ ಮನೆಯಲ್ಲಿರುವ ಹೊತ್ತಿನ ದಾಖಲೆಯನ್ನು ನನ್ನ ಮನೆಯವರಿಗೆ ತೋರಿಸಬಹುದೇ?’ ನಿಮ್ಮ ಮನೆಯವರು ಅದಕ್ಕೆ ‘ತೋರಿಸಬಾರದು’ ಎಂದು ಗುರುತು ಹಾಕಿದ್ದಾರೆ.

ಆದರೂ ವಾರಸುದಾರರು ಒತ್ತಾಯಿಸಿದರೆ ಕೊಡಬಹುದು ಎಂದು ನಿಯಮದಲ್ಲಿದೆ. ಸಮಿತಿ ತೀರ್ಮಾನವನ್ನು ನಿಮಗೇ ಬಿಟ್ಟಿದೆ. ಎರಡು ನಮೂನೆ ಇಟ್ಟಿದ್ದೇನೆ. ನೀಲಿಯದಕ್ಕೆ ಸಹಿ ಹಾಕಿದರೆ ದಾಖಲೆಯ ಪ್ರತಿ ಬರುತ್ತದೆ. ಬಿಳಿಯದಕ್ಕೆ ಹಾಕಿದರೆ ಯಾರೂ ನೋಡದೆ ಅಳಿಯುತ್ತದೆ. ಕೊನೆಯ ದಿನ ಏಪ್ರಿಲ್ 19.

ಸಂಶೋಧಕಿ

&nbsp;

ಮಾರ್ಚ್ 17

ಮೇಡಂ,

ಐ ಸ್ಟ್ರಾಂಗ್ಲಿ ಪ್ರೊಟೆಸ್ಟ್.

ನಲವತ್ತಮೂರು ವರ್ಷ ಒಂದೇ ಸೂರಿನಡಿ ಇದ್ದವರು. ಅವಳ ಕನ್ನಡಕದ ನಂಬರು ನನಗೆ ಗೊತ್ತು, ಅವಳ ಮಾತ್ರೆಯ ಬಣ್ಣ ಗೊತ್ತು, ಯಾವ ಅಕ್ಕನ ಮೇಲೆ ಯಾಕೆ ಕೋಪ ಎಂದು ಗೊತ್ತು. ಅವಳಿಗೆ ನನ್ನಿಂದ ಮುಚ್ಚಿಡುವಂಥದ್ದು ಏನಿತ್ತು? ಚೌಕ ತಪ್ಪಿ ಗುರುತು ಹಾಕಿರಬೇಕು. ಅಕ್ಷರ ಸಣ್ಣದಿತ್ತು.

ನೀವು ನೋಡಿದ್ದೀರಿ. ಆ ಗಡ್ಡದವನು ನೋಡಿದ್ದಾನೆ. ನಿಮ್ಮ ಕಂಪ್ಯೂಟರ್ ನೋಡಿದೆ. ಕಟ್ಟಿಕೊಂಡ ಗಂಡ ಮಾತ್ರ ನೋಡಬಾರದು. ಇದು ಯಾವ ಸೀಮೆಯ ಗೌಪ್ಯತೆ?

ನೀಲಿಗೇ ಸಹಿ ಹಾಕುತ್ತೇನೆ. ಅದಕ್ಕೆ ಮೊದಲು ಒಂದೇ ಒಂದು ಮಾತು ಹೇಳಿ, ಹೌದು ಅಥವಾ ಇಲ್ಲ ಎಂದರೆ ಸಾಕು. ಮೂರು ಗಂಟೆಗೆ ಅವಳು ಹೊಲಿಯುತ್ತಿದ್ದಳೇ?

41

&nbsp;

ಮಾರ್ಚ್ 29

ಮಾನ್ಯರೇ,

ನೀವು ಕೇಳಿದ್ದಕ್ಕೆ ಹೌದು ಎಂದೂ ಹೇಳಲಾರೆ, ಇಲ್ಲ ಎಂದೂ ಹೇಳಲಾರೆ. ಯಾವುದನ್ನು ಹೇಳಿದರೂ ಕೊಟ್ಟ ಹಾಗೆಯೇ.

ನಿಮ್ಮ ಕೋಪದ ಮಾತಿನಲ್ಲಿ ನ್ಯಾಯವಿದೆ. ನಾವು ನೋಡಿದ್ದೇವೆ. ಆದರೆ ನಾವು ನೋಡಿದ್ದು ಒಂದು ಸಂಖ್ಯೆಯ ಮಧ್ಯಾಹ್ನವನ್ನು. ಅವರ ಮುಖ ನನಗೆ ಗೊತ್ತಿಲ್ಲ. ನೀವು ನೋಡಿದರೆ ಅದು ಅವರ ಮಧ್ಯಾಹ್ನವಾಗುತ್ತದೆ.

ಸಲಹೆ ಕೊಡುವ ಅಧಿಕಾರ ನನಗಿಲ್ಲ. ಒಂದನ್ನು ಮಾತ್ರ ತಂತ್ರಜ್ಞರಿಂದ ಕೇಳಿ ತಿಳಿದುಕೊಂಡೆ: ನಿಮ್ಮ ಮನೆಯವರು ಐದನೇ ಚೌಕವನ್ನು ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡು ಆಮೇಲೆ ಗುರುತು ಹಾಕಿದರಂತೆ. ಆಗ ನೀವು ಮೀಟರಿನ ಹತ್ತಿರ ನಿಂತು ಲಿಫ್ಟಿನ ಕಥೆ ಹೇಳುತ್ತಿದ್ದಿರಂತೆ.

ಸಂಶೋಧಕಿ

&nbsp;

ಏಪ್ರಿಲ್ 14

ಪೆಟ್ಟಿಗೆಯಮ್ಮನವರಿಗೆ,

ಎರಡು ವಾರ ಬರೆಯಲಿಲ್ಲ. ಬರೆಯದೆ ಇರಲು ಬರುತ್ತದೆಯೇ ಎಂದು ನೋಡಿದೆ. ಬರುತ್ತದೆ, ಕಷ್ಟ.

ಸೋಮವಾರ ನೀಲಿ ನಮೂನೆಗೆ ಸಹಿ ಹಾಕಿ ಜೇಬಿಗಿಟ್ಟುಕೊಂಡು ಎರಡೂವರೆಗೆ ಹೊರಟೆ. ಅಂಚೆ ಕಚೇರಿ ಲೈಬ್ರರಿಯ ಪಕ್ಕದ ಬೀದಿ. ಲೈಬ್ರರಿಯ ಮುಂದೆ ಹಾಯುವಾಗ ಕೌಂಟರಿನಾಕೆ ಕಿಟಕಿಯಿಂದ ಕೂಗಿದರು: "ಏನ್ ಸಾರ್, ಆರು ತಿಂಗಳು ರಜಾನಾ? ನಿಮ್ಮ ಕುರ್ಚಿ ಬೇರೆಯವರು ಹಿಡಿದುಬಿಟ್ರು!" ಒಳಗೆ ಹೋಗಿ ಬೇರೆ ಕುರ್ಚಿಯಲ್ಲಿ ಕೂತೆ. ಪತ್ರಿಕೆಯ ಒಂದೇ ಪುಟ ನಾಲ್ಕು ಸಲ ಓದಿದೆ. ಅಂಚೆಗೆ ಹೋಗಲಿಲ್ಲ. ಎದ್ದು ಮನೆಗೆ ಬಂದೆ. ಬಾಗಿಲಿಗೆ ಬಂದಾಗ ಗಂಟೆ ಮೂರೂ ಕಾಲು.

ಆ ಹೊತ್ತಿಗೆ ಆ ಬಾಗಿಲ ಹೊರಗೆ ನಾನು ಹಿಂದೆ ಒಂದೇ ಸಲ ನಿಂತದ್ದು. ಹೋದ ವರ್ಷ ಮೇ ತಿಂಗಳಿರಬೇಕು. ಲೈಬ್ರರಿಗೆ ಬೀಗ ಹಾಕಿತ್ತು, ಹಿಂದಿರುಗಿ ಬೆಲ್ ಒತ್ತಿದೆ. ನಮ್ಮವಳಿಗೆ ಬಾಗಿಲು ತೆಗೆಯಲು ಸುಮಾರು ಹೊತ್ತು ಹಿಡಿಯಿತು.

"ಇಷ್ಟು ಬೇಗ?" ಎಂದಳು.

"ಲೈಬ್ರರಿ ರಜಾ ಕಣೇ."

"ರಜಾ ಅಂತ ಮೊದಲೇ ಗೊತ್ತಿರಲಿಲ್ವಾ?"

ಬಾಗಿಲನ್ನು ಪೂರ್ತಿ ತೆರೆದಿರಲಿಲ್ಲ. ಆಮೇಲೆ ಗೂಟದಿಂದ ಛತ್ರಿ ತೆಗೆದು ಕೈಗೆ ಕೊಟ್ಟಳು. "ಬಿಸಿಲಿದೆ. ಒಂದು ಸುತ್ತು ಹಾಕ್ಕೊಂಡು ಬನ್ನಿ. ನಾಲ್ಕೂವರೆಗೆ ಟೀ ಮಾಡಿರ್ತೀನಿ." ಕೋಪ ಇರಲಿಲ್ಲ. ಅಂಗಡಿಯವರು ಊಟದ ಹೊತ್ತಿಗೆ ಅರ್ಧ ಷಟರ್ ಎಳೆದು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎನ್ನುತ್ತಾರಲ್ಲ, ಹಾಗಿತ್ತು. ನಾನು ಹೋದೆ. ಮೂರು ಬೀದಿ ಸುತ್ತಿದೆ. ಸರಿಯಾಗಿ ನಾಲ್ಕೂವರೆಗೆ ಬಂದೆ. ಟೀ ಇತ್ತು. ಆಮೇಲೆ ಇದನ್ನು ಸಿಕ್ಕವರಿಗೆಲ್ಲ ತಮಾಷೆಯಾಗಿ ಹೇಳಿದ್ದೇನೆ, ಹೆಂಡತಿ ಮನೆಯಿಂದ ಓಡಿಸಿದ ಕಥೆ ಎಂದು. ಅವಳೂ ನಗುತ್ತಿದ್ದಳು. ಯಾಕೆ ಎಂದು ನಾನು ಒಂದು ಸಲವೂ ಕೇಳಲಿಲ್ಲ, ಹೇಳುವುದರಲ್ಲೇ ಇದ್ದೆ.

ಯಂತ್ರ ಓಡುತ್ತಿದ್ದ ಸದ್ದು ಆ ದಿನ ಬಾಗಿಲಾಚೆ ಕೇಳಿಸಿತ್ತೇ ಎಂದು ಸೋಮವಾರ ಹೊಸಿಲಲ್ಲಿ ನಿಂತು ನೆನಪಿಸಿಕೊಂಡೆ. ಹತ್ತು ಮಹಡಿ ಮೇಲಿನ ಮೋಟಾರು ಕೇಳುವ ಕಿವಿ. ನೆನಪಾಗಲಿಲ್ಲ. ಬೆಲ್ ಒತ್ತುತ್ತಲೇ ಏನೋ ಮಾತಾಡುತ್ತಿದ್ದೆ.

ಖಾಲಿ ಲಿಫ್ಟೂ ತುಂಬಿದ ಲಿಫ್ಟೂ ಒಂದೇ ಸಮನೆ ಎಳೆಯುವುದಿಲ್ಲ ಎಂದು ಎಷ್ಟು ಜನರಿಗೆ ಪಾಠ ಹೇಳಿದವನು, ಆರು ತಿಂಗಳು ಖಾಲಿ ಮೋಟಾರು ಓಡಿಸಿ ನಿಮ್ಮಂಥವರನ್ನು ಮೋಸ ಮಾಡಬಹುದು ಎಂದುಕೊಂಡೆನಲ್ಲ. ನಿಮ್ಮ ಅಧ್ಯಾಯ ಹಾಳು ಮಾಡಿದ್ದಕ್ಕೆ ಕ್ಷಮೆ ಇರಲಿ. ನೀವೂ ಎಣ್ಣೆ ಎಂದು ಬರೆದುಕೊಂಡಿರಿ. ಅದನ್ನು ಮರೆಯುವುದಿಲ್ಲ.

ನೀಲಿ ಕಾಗದವನ್ನು ಹರಿದೆ. ಬಿಳಿಯದು ಇದರ ಜೊತೆಗಿದೆ, ಸಹಿ ಹಾಕಿದ್ದೇನೆ. ಸಾಕ್ಷಿಯ ಜಾಗದಲ್ಲಿ ನರ್ಸಮ್ಮ ಸಹಿ ಹಾಕಿದ್ದಾಳೆ. "ಇದೇನು ಅಂಕಲ್?" ಎಂದಳು. "ನಮ್ಮ ಮನೆಯವಳ ಒಂದು ಕಾಗದ," ಎಂದೆ. ಆಮೇಲೆ ಇನ್ನೇನೂ ಹೇಳಲಿಲ್ಲ. ರೇಡಿಯೋ ಅಷ್ಟಕ್ಕೇ ನಿಂತದ್ದು ನೋಡಿದ್ದರೆ ನಮ್ಮವಳು ಹಣೆ ಮುಟ್ಟಿ ಜ್ವರ ನೋಡುತ್ತಿದ್ದಳು.

ಪೆಟ್ಟಿಗೆ ತೆಗೆಯಲು ಗುರುವಾರ ಬೆಳಿಗ್ಗೆ ಕಳುಹಿಸಿ. ಮಧ್ಯಾಹ್ನ ನಾನು ಮನೆಯಲ್ಲಿರುವುದಿಲ್ಲ.

ಕೊನೆಯದಾಗಿ ಒಂದು. ನಿನ್ನೆ ಮೂರು ಗಂಟೆಗೆ ಚಕ್ರದ ತಿರುಪು ಬಿಗಿಮಾಡಿದೆ. ಎಡಗಾಲು ಮುಗಿಸಲು ಐವತ್ತು ನಿಮಿಷ ಹಿಡಿಯಿತು. ಎರಡು ಸಲ ದಾರ ಕಿತ್ತುಹೋಯಿತು, ಒಂದು ಸಲ ಸೂಜಿ ಬೆರಳಿಗೆ ಚುಚ್ಚಿತು. ನಿಮ್ಮ ಗೆರೆಯಲ್ಲಿ ಏನೇನು ಮೂಡಿದೆಯೋ, ಹಲಗೆಯಂತೆ ಮಾತ್ರ ಇರಲಾರದು. ಅವಳ ಹೊಲಿಗೆ ನಿಂತಲ್ಲಿಂದ ನನ್ನದು ಶುರುವಾಗುವ ಜಾಗ ಕುರುಡನಿಗೂ ಕಾಣುತ್ತದೆ. ಆ ಐವತ್ತು ನಿಮಿಷ ನನ್ನದು. ಅದನ್ನು ಅಳಿಸಬೇಡಿ, ಯಾರಿಗೆ ಬೇಕಾದರೂ ತೋರಿಸಿ.

ಪ್ಯಾಂಟು ಹಾಕಿಕೊಂಡೇ ಅಂಚೆಗೆ ಹೊರಟಿದ್ದೇನೆ. ಎಡಗಾಲು ಅರ್ಧ ಇಂಚು ಉದ್ದ ಬಂದಿದೆ. ಗಂಟೆ ಎರಡೂವರೆ. ಛತ್ರಿ ತೆಗೆದುಕೊಂಡಿದ್ದೇನೆ.

ಮನೆ 41